ಮಾಲು ಅಷ್ಟೇ, ಗ್ಯಾಸ್ ಹೆಚ್ಚು: ಪೌಡರ್ ಕೋಟಿಂಗ್ ಲೈನಿನಲ್ಲಿ ಶಕ್ತಿ ಎಲ್ಲಿ ಪೋಲಾಗುತ್ತಿದೆ ಎಂದು ಪತ್ತೆ ಹಚ್ಚುವ ಕ್ರಮ

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಹೀಗೆ ತಗಡಿನ ಕೆಲಸ ನಡೆಯುವ ಕಡೆಯಲ್ಲೆಲ್ಲ ಪೌಡರ್ ಕೋಟಿಂಗ್ ಮಾಡುವ, ಅಂದರೆ ಲೋಹದ ಮೇಲೆ ಬಣ್ಣದ ಪುಡಿ ಕೂರಿಸಿ ಓವನಿನಲ್ಲಿ ಬೇಯಿಸುವ ಘಟಕಗಳು ಇದ್ದೇ ಇರುತ್ತವೆ. ಅಲ್ಲಿ ನಿರ್ವಹಣೆಯ ಕೆಲಸ ಮಾಡುವವರ ಕಿವಿಗೆ ವರ್ಷಕ್ಕೊಮ್ಮೆಯಾದರೂ ಬೀಳುವ ದೂರು ಒಂದಿದೆ: ತಿಂಗಳಿಗೆ ಹೋಗುವ ಮಾಲು ಮೊದಲಿನಷ್ಟೇ ಇದೆ, ಪೌಡರ್ ಬದಲಾಗಿಲ್ಲ, ಆದರೆ ಗ್ಯಾಸ್ ಸಿಲಿಂಡರುಗಳು ಬೇಗ ಖಾಲಿಯಾಗುತ್ತಿವೆ, ಕರೆಂಟ್ ಬಿಲ್ಲೂ ಏರಿದೆ. ಇಂಥ ದೂರು ಬಂದ ಕೂಡಲೇ ಹೆಚ್ಚಿನ ಕಡೆ ಬರ್ನರ್ ರಿಪೇರಿಯವರಿಗೆ ಫೋನ್ ಹೋಗುತ್ತದೆ. ಅವರು ಬಂದು ನಾಜಲ್ ಬದಲಿಸಿ, ಜ್ವಾಲೆಯನ್ನು ನೀಲಿ ಮಾಡಿಕೊಟ್ಟು ಹೋಗುತ್ತಾರೆ. ಮುಂದಿನ ತಿಂಗಳ ಲೆಕ್ಕದಲ್ಲಿ ಏನೂ ಬದಲಾಗಿರುವುದಿಲ್ಲ. ಬರ್ನರಿನಲ್ಲಿ ದೋಷವೇ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಪೌಡರ್ ಬೇಯಿಸುವ ಕ್ಯೂರಿಂಗ್ ಓವನ್ ತನ್ನ ಶಾಖದ ದೊಡ್ಡ ಪಾಲನ್ನು ಲೋಹಕ್ಕಲ್ಲ, ಗಾಳಿಗೆ ಕೊಡುತ್ತದೆ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಂಡರೆ ಹುಡುಕಾಟ ಸರಿಯಾದ ಜಾಗದಿಂದ ಆರಂಭವಾಗುತ್ತದೆ.

ಇಲ್ಲಿ ವಿವರಿಸಿರುವುದು ಎಲ್‌ಪಿಜಿಯಿಂದ ಉರಿಯುವ, ಕನ್ವೇಯರ್ ಸಾಗುವ ಓವನ್, ಅದಕ್ಕೆ ಮುಂಚೆ ಬಿಸಿ ತೊಟ್ಟಿಗಳ ತೊಳೆಯುವ ಸಾಲು, ನಡುವೆ ಪೌಡರ್ ಬೂತ್, ಪಕ್ಕದಲ್ಲಿ ಒಂದು ಸ್ಕ್ರೂ ಕಂಪ್ರೆಸರ್ ಇರುವ ಮಧ್ಯಮ ಗಾತ್ರದ ಲೈನಿಗೆ ಹೊಂದುವ ಕ್ರಮ. ಡೀಸೆಲ್ ಅಥವಾ ವಿದ್ಯುತ್ ಹೀಟರಿನ ಓವನ್ ಇರುವವರೂ ಬರ್ನರಿನ ಭಾಗವನ್ನು ಬಿಟ್ಟು ಉಳಿದುದನ್ನು ಹಾಗೆಯೇ ಅನುಸರಿಸಬಹುದು.

ದೂರು ನಿಜವೇ?

ಬಿಲ್ಲಿನ ರೂಪಾಯಿಯನ್ನು ಬದಿಗಿಟ್ಟು ಯೂನಿಟ್‌ಗಳನ್ನು ಮತ್ತು ಗ್ಯಾಸಿನ ಕಿಲೋಗಳನ್ನು ಮಾತ್ರ ನೋಡಬೇಕು. ದರ ಏರಿದ್ದರಿಂದ ಅಥವಾ ಗರಿಷ್ಠ ಬೇಡಿಕೆ (ಒಮ್ಮೆಗೆ ಎಳೆಯುವ ಅತಿ ಹೆಚ್ಚಿನ ವಿದ್ಯುತ್) ಕರಾರಿನ ಮಿತಿಯನ್ನು ದಾಟಿದ್ದರಿಂದ ರೂಪಾಯಿ ಹೆಚ್ಚಿ, ಯೂನಿಟ್ ಹಾಗೆಯೇ ಇದ್ದರೆ ಅದು ಯಂತ್ರದ ದೋಷವಲ್ಲ. ಬೆಳಿಗ್ಗೆ ಎಲ್ಲ ತೊಟ್ಟಿಗಳ ಹೀಟರುಗಳನ್ನೂ, ಕಂಪ್ರೆಸರನ್ನೂ, ಬ್ಲೋವರುಗಳನ್ನೂ ಒಟ್ಟಿಗೆ ಆನ್ ಮಾಡುವ ಅಭ್ಯಾಸವಿದ್ದರೆ ಅರ್ಧ ಗಂಟೆಯ ಅಂತರದಲ್ಲಿ ಒಂದೊಂದಾಗಿ ಆನ್ ಮಾಡಿದರೆ ಸಾಕು, ಬೇಡಿಕೆ ಇಳಿಯುತ್ತದೆ. ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕುಸಿದಿದ್ದರೆ ಅದನ್ನು ಸರಿದೂಗಿಸುವ ಕೆಪಾಸಿಟರ್ ಪ್ಯಾನಲ್ ತೆರೆಸಿ ಪ್ರತಿಯೊಂದು ಕೆಪಾಸಿಟರಿನ ಮೂರೂ ಫೇಸುಗಳ ಕರೆಂಟನ್ನು ಟಾಂಗ್ ಟೆಸ್ಟರಿನಿಂದ (ತಂತಿಯ ಸುತ್ತ ಇಕ್ಕಳದಂತೆ ಹಿಡಿಯುವ ಮೀಟರ್) ಅಳೆಯಬೇಕು. ಸತ್ತ ಕೆಪಾಸಿಟರ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಎರಡನೆಯದಾಗಿ, ಮಾಲು ಅಷ್ಟೇ ಇದೆ ಎಂಬ ಮಾತನ್ನೂ ಪರೀಕ್ಷಿಸಬೇಕು. ಲೆಕ್ಕದ ಪುಸ್ತಕದಲ್ಲಿ ಸಾಮಾನ್ಯವಾಗಿ ನಗಗಳ ಸಂಖ್ಯೆ ಇರುತ್ತದೆ, ಇಲ್ಲವೇ ಚದರಡಿ ಇರುತ್ತದೆ. ಪೌಡರ್ ಖರ್ಚಾಗುವುದು ಚದರಡಿಯ ಮೇಲೆ ನಿಜ, ಆದರೆ ಓವನ್ ಬಿಸಿ ಮಾಡುವುದು ತೂಕವನ್ನು. 1.2 ಮಿಲಿಮೀಟರ್ ತಗಡಿನ ಪೆಟ್ಟಿಗೆಯ ಜಾಗದಲ್ಲಿ 2.5 ಮಿಲಿಮೀಟರ್ ತಗಡಿನ ಬ್ರಾಕೆಟ್ ಬಂದಿದ್ದರೆ ಚದರಡಿ ಬದಲಾಗದೆಯೂ ಕಿಲೋ ದುಪ್ಪಟ್ಟಾಗಿರುತ್ತದೆ. ಆದ್ದರಿಂದ ಮುಂದಿನ ಎಲ್ಲ ಲೆಕ್ಕವೂ ಕಿಲೋದಲ್ಲೇ ಇರಲಿ.

ಮೂರನೆಯದು ಸ್ವಲ್ಪ ತಾಳ್ಮೆಯ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋಗುವುದು ಕತ್ತಲಲ್ಲಿ ತಡಕಾಡಿದಂತೆ. ಹತ್ತು ಹನ್ನೆರಡು ದಿನ ಪ್ರತಿದಿನವೂ ಓವನಿಗೆ ಹೋದ ಮಾಲಿನ ತೂಕವನ್ನೂ, ಖರ್ಚಾದ ಗ್ಯಾಸನ್ನೂ ಬರೆದಿಟ್ಟು, ಗ್ರಾಫ್ ಹಾಳೆಯ ಅಡ್ಡ ರೇಖೆಯಲ್ಲಿ ಮಾಲು, ಲಂಬ ರೇಖೆಯಲ್ಲಿ ಗ್ಯಾಸ್ ಎಂದು ಚುಕ್ಕಿಗಳನ್ನು ಇಡಬೇಕು. ಚುಕ್ಕಿಗಳ ನಡುವೆ ಅಡಿಪಟ್ಟಿ ಇಟ್ಟು ಎಳೆದ ಗೆರೆ ಲಂಬ ರೇಖೆಯನ್ನು ಯಾವ ಎತ್ತರದಲ್ಲಿ ಮುಟ್ಟುತ್ತದೆಯೋ ಅದು ಒಂದು ಕಿಲೋ ಮಾಲನ್ನೂ ಹಾಕದೆ ಓವನ್ ತಿನ್ನುವ ಗ್ಯಾಸ್. ಗೆರೆಯ ಏರು ಎಷ್ಟಿದೆಯೋ ಅದು ಮಾಲಿಗಾಗಿ ಖರ್ಚಾಗುವ ಗ್ಯಾಸ್. ಹಳೆಯ ತಿಂಗಳುಗಳ ದಾಖಲೆ ಇದ್ದರೆ ಅದಕ್ಕೂ ಇಂಥದೇ ಒಂದು ಗೆರೆ ಎಳೆಯಬೇಕು. ಹೊಸ ಗೆರೆ ಇಡಿಯಾಗಿ ಮೇಲಕ್ಕೆ ಸರಿದಿದ್ದರೆ ದೋಷ ಗಾಳಿಯಲ್ಲಿ, ಓವನಿನ ಗೋಡೆಯಲ್ಲಿ, ಮಾಲು ಹೋಗಿಬರುವ ಬಾಯಿಯಲ್ಲಿ ಅಥವಾ ಖಾಲಿ ಓಡುವ ಹೊತ್ತಿನಲ್ಲಿ ಇದೆ. ಗೆರೆ ಹೊರಡುವ ಜಾಗ ಅದೇ ಇದ್ದು ಏರು ಮಾತ್ರ ಕಡಿದಾಗಿದ್ದರೆ ಹ್ಯಾಂಗರುಗಳನ್ನು, ಮರುಕೆಲಸವನ್ನು ನೋಡಬೇಕು. ಎರಡೂ ಒಟ್ಟಿಗೆ ಒಂದೇ ಪ್ರಮಾಣದಲ್ಲಿ ಏರಿದ್ದರೆ ಒಳಗಿನ ಉಷ್ಣತೆಯೇ ಹೆಚ್ಚಾಗಿರಬೇಕು, ಇಲ್ಲವೇ ಬರ್ನರ್ ಮತ್ತು ಹೀಟ್ ಎಕ್ಸ್‌ಚೇಂಜರಿನ (ಹೊಗೆಯ ಶಾಖವನ್ನು ಓವನಿನ ಗಾಳಿಗೆ ದಾಟಿಸುವ ಕೊಳವೆಗಳು) ದಕ್ಷತೆ ಬಿದ್ದಿರಬೇಕು. ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬುದನ್ನು ಈ ಒಂದು ಹಾಳೆ ತಿಳಿಸುತ್ತದೆ.

ಒಂದು ಲೆಕ್ಕ

ಗಂಟೆಗೆ 500 ಕಿಲೋ ಉಕ್ಕಿನ ಮಾಲು, ಅದರ ಜೊತೆ 200 ಕಿಲೋ ಹ್ಯಾಂಗರ್ ಮತ್ತು ಚೈನು ಓವನಿನೊಳಗೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಹೊರಗೆ 30 ಡಿಗ್ರಿ ಸೆಲ್ಸಿಯಸ್, ಒಳಗೆ 200 ಡಿಗ್ರಿ. ಒಂದು ಕಿಲೋ ಉಕ್ಕನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 0.48 ಕಿಲೋಜೂಲ್ ಬೇಕು. ಕರೆಂಟಿನ ಒಂದು ಯೂನಿಟ್ ಎಂದರೆ 3600 ಕಿಲೋಜೂಲ್. ಹಾಗಾದರೆ ಮಾಲಿಗೆ ಗಂಟೆಗೆ 11 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಹ್ಯಾಂಗರಿಗೆ ನಾಲ್ಕೂವರೆ ಯೂನಿಟ್, ಒಟ್ಟು 16 ಯೂನಿಟ್‌ನಷ್ಟು ಶಾಖ ಸಾಕು. ಅದೇ ಓವನಿನ ಎಕ್ಸಾಸ್ಟ್ ಬ್ಲೋವರ್ ಗಂಟೆಗೆ 1000 ಘನಮೀಟರ್ ಬಿಸಿ ಗಾಳಿಯನ್ನು ಹೊರಗೆ ಹಾಕುತ್ತಿದ್ದರೆ, 200 ಡಿಗ್ರಿಯಲ್ಲಿ ಘನಮೀಟರಿಗೆ ಮುಕ್ಕಾಲು ಕಿಲೋದಷ್ಟು ತೂಗುವ ಆ ಗಾಳಿ ಒಯ್ಯುವ ಶಾಖ ಗಂಟೆಗೆ 35 ಯೂನಿಟ್ ದಾಟುತ್ತದೆ. ಅಂದರೆ ನಾವು ದುಡ್ಡು ಪಡೆಯುವ ಮಾಲಿಗೆ ಹೋಗುವ ಶಾಖದ ಮೂರು ಪಟ್ಟು ಚಿಮಣಿಯಲ್ಲಿ ಆಕಾಶಕ್ಕೆ ಹೋಗುತ್ತದೆ. ಗೋಡೆಗಳಿಂದ ಸೋರುವುದು, ಓವನಿನ ಎರಡು ಬಾಯಿಗಳಿಂದ ಉಕ್ಕುವುದು ಇದರ ಮೇಲೆ.

ಆದ್ದರಿಂದಲೇ ಗೆರೆ ಮೇಲಕ್ಕೆ ಸರಿದಿರುವ ದೂರುಗಳೇ ಹೆಚ್ಚು, ಮತ್ತು ಅವುಗಳಲ್ಲಿ ಗಾಳಿಯ ದೋಷವೇ ಹೆಚ್ಚು.

ಖಾಲಿ ಓಟದ ಪರೀಕ್ಷೆ

ಭಾನುವಾರ ಅಥವಾ ಶಿಫ್ಟ್ ಮುಗಿದ ಮೇಲೆ, ಹ್ಯಾಂಗರುಗಳನ್ನು ಕಳಚಿ, ಕನ್ವೇಯರ್ ನಿಲ್ಲಿಸಿ, ಓವನನ್ನು ಎಂದಿನ ಉಷ್ಣತೆಗೆ ತಂದು ಒಂದು ಗಂಟೆ ಹಾಗೆಯೇ ಬಿಡಬೇಕು. ಗೋಡೆಯೊಳಗಿನ ಶಾಖ ತಡೆಯುವ ಉಣ್ಣೆ ಸಂಪೂರ್ಣ ಬಿಸಿಯಾಗಲು ಅಷ್ಟು ಹೊತ್ತು ಬೇಕೇ ಬೇಕು. ಆತುರಪಟ್ಟರೆ ಲೆಕ್ಕ ತಪ್ಪುತ್ತದೆ. ಆಮೇಲೆ ಎರಡು ಗಂಟೆ ಗ್ಯಾಸ್ ಮೀಟರನ್ನು, ಮೀಟರ್ ಇಲ್ಲದಿದ್ದರೆ ಬಳಕೆಯಲ್ಲಿರುವ ಸಿಲಿಂಡರುಗಳನ್ನು ತೂಕದ ಯಂತ್ರದ ಮೇಲಿಟ್ಟು, ಕಾಲು ಗಂಟೆಗೊಮ್ಮೆ ಬರೆದುಕೊಳ್ಳಬೇಕು. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 12.8 ಯೂನಿಟ್‌ನಷ್ಟು ಶಾಖ ಇರುತ್ತದೆ. ಹೊಗೆಯನ್ನು ಒಳಕ್ಕೆ ಬಿಡದೆ ಪರೋಕ್ಷವಾಗಿ ಬಿಸಿ ಮಾಡುವ ಓವನಿನಲ್ಲಿ ಅದರ ಐದರಲ್ಲಿ ನಾಲ್ಕು ಪಾಲು ಒಳಗಿನ ಗಾಳಿಗೆ ಸಿಕ್ಕಿದರೆ ಚೆನ್ನಾಗಿದೆ ಎನ್ನಬಹುದು.

ಈಗ ಎಕ್ಸಾಸ್ಟ್ ಡ್ಯಾಂಪರನ್ನು (ಡಕ್ಟಿನ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಫಲಕ) ಮುಟ್ಟದೆ, ಎಕ್ಸಾಸ್ಟ್ ಗಾಳಿಯ ವೇಗವನ್ನು ಡಕ್ಟಿನ ಅಡ್ಡಳತೆಯ ಹಲವು ಜಾಗಗಳಲ್ಲಿ ಪಿಟಾಟ್ ಕೊಳವೆಯಿಂದ ಅಳೆಯಬೇಕು. ನಡುವೆ ಮಾತ್ರ ಅಳೆದರೆ ಹೆಚ್ಚು ಬರುತ್ತದೆ, ಅಂಚಿನಲ್ಲಿ ಮಾತ್ರ ಅಳೆದರೆ ಕಡಿಮೆ. ವೇಗವನ್ನು ಡಕ್ಟಿನ ಅಡ್ಡಕೊಯ್ತದಿಂದ ಗುಣಿಸಿದರೆ ಗಂಟೆಗೆ ಎಷ್ಟು ಘನಮೀಟರ್ ಎಂಬುದು ಬರುತ್ತದೆ. ಓವನ್ ಕಟ್ಟಿಕೊಟ್ಟವರ ಕಾಗದದಲ್ಲಿರುವ ಅಂಕಿಗಿಂತ ಇದು ಹೆಚ್ಚಿದ್ದರೆ ದೋಷ ಬಹುಪಾಲು ಸಿಕ್ಕಿದಂತೆಯೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಹಳ ಒತ್ತಿ ಹೇಳಬೇಕಾಗಿದೆ. ಎಕ್ಸಾಸ್ಟ್ ಎಂಬುದು ದಂಡ ಖರ್ಚಲ್ಲ. ಪೌಡರಿನಿಂದ ಹೊರಡುವ ಆವಿಯನ್ನೂ, ಜ್ವಾಲೆಯ ಹೊಗೆ ಒಳಗೇ ಬರುವ ನೇರ ಉರಿಯ ಓವನಿನಲ್ಲಿ ಹೊಗೆಯನ್ನೂ ಹೊರಗೆ ಹಾಕುವುದು ಅದರ ಕೆಲಸ. ಓವನುಗಳಿಗೆ ಸಂಬಂಧಿಸಿದ ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆಯ ಎನ್‌ಎಫ್‌ಪಿಎ 86 ಮಾನದಂಡ, ನಿರಂತರ ಅಳತೆಯ ವ್ಯವಸ್ಥೆ ಇಲ್ಲದ ಕಡೆ, ಒಳಗಿನ ಆವಿ ಸ್ಫೋಟದ ಕೆಳಮಿತಿಯ (ಕಿಡಿ ತಾಗಿದರೆ ಸಿಡಿಯಲು ಬೇಕಾದ ಕನಿಷ್ಠ ಆವಿ) ಶೇಕಡಾ 25ನ್ನು ದಾಟಕೂಡದು ಎನ್ನುತ್ತದೆ, ಮತ್ತು ಉರಿ ಹೊತ್ತಿಸುವ ಮುಂಚೆ ಓವನಿನ ಒಳಗಾತ್ರದ ಕನಿಷ್ಠ ನಾಲ್ಕು ಪಟ್ಟು ತಾಜಾ ಗಾಳಿ ಹಾಯಬೇಕೆನ್ನುತ್ತದೆ. ಗ್ಯಾಸ್ ಉಳಿಸಲು ಡ್ಯಾಂಪರ್ ಮುಚ್ಚುವ, ಈ ತಾಜಾ ಗಾಳಿ ಹಾಯಿಸುವ ಪರ್ಜ್ ಟೈಮರನ್ನು ಕಡಿಮೆ ಮಾಡುವ, ಗಾಳಿಯ ಒತ್ತಡದ ಸ್ವಿಚ್ಚಿಗೆ ವೈರ್ ಸುತ್ತಿ ಬೈಪಾಸ್ ಮಾಡುವ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು. ನಮ್ಮ ಗುರಿ ತಯಾರಕರು ನಿಗದಿ ಮಾಡಿದ ಎಕ್ಸಾಸ್ಟಿಗೆ ಮರಳುವುದು, ಅದಕ್ಕಿಂತ ಕೆಳಗೆ ಇಳಿಯುವುದಲ್ಲ.

ಗಾಳಿ ಎಲ್ಲಿಗೆ ಹೋಗುತ್ತಿದೆ

ಓವನಿನ ಬಾಯಿಯ ಮುಂದೆ ನಿಂತು ನೋಡುವುದರಲ್ಲಿ ಅರ್ಧ ರೋಗ ತಿಳಿಯುತ್ತದೆ. ಒಂದು ಉದ್ದ ಕೋಲಿನ ತುದಿಗೆ ಗೇಣುದ್ದದ ಹತ್ತಿ ನೂಲು ಕಟ್ಟಿ, ಬಾಯಿಯ ಮೇಲಂಚಿನಿಂದ ಕೆಳಕ್ಕೆ ನಿಧಾನವಾಗಿ ತರಬೇಕು. ಸರಿಯಿರುವ ಓವನಿನಲ್ಲಿ ಮೇಲಂಚಿನ ಹತ್ತಿರ ನೂಲು ಮೆಲ್ಲಗೆ ಹೊರಕ್ಕೆ ವಾಲುತ್ತದೆ, ನಡುವೆ ನೇರ ನಿಲ್ಲುತ್ತದೆ, ಕೆಳಗೆ ಮೆಲ್ಲಗೆ ಒಳಕ್ಕೆ ವಾಲುತ್ತದೆ. ಬಾಯಿಯ ಉದ್ದಕ್ಕೂ ನೂಲು ಒಳಕ್ಕೇ ಎಳೆಯುತ್ತಿದ್ದರೆ ಎಕ್ಸಾಸ್ಟ್ ಹೆಚ್ಚಾಗಿದೆ. ಎರಡು ಬಾಯಿಗಳಲ್ಲಿ ಒಂದು ಎಳೆದು ಇನ್ನೊಂದು ಉಗುಳುತ್ತಿದ್ದರೆ ಶೆಡ್ಡಿನೊಳಗೆ ಗಾಳಿ ಬೀಸುತ್ತಿದೆ, ಅಥವಾ ಒಳಗಿನ ಸರ್ಕ್ಯುಲೇಶನ್ ಡಕ್ಟಿನಲ್ಲಿ ಗಾಳಿಯ ದಿಕ್ಕು ತಿರುಗಿಸುವ ಲೂವರುಗಳು ಒಂದು ಕಡೆಗೆ ತಿರುಗಿವೆ. ಮೇಲಂಚಿನಲ್ಲಿ ನೂಲು ಪಟಪಟನೆ ಹೊರಕ್ಕೆ ಹಾರುತ್ತಿದ್ದರೆ ಬಾಯಿಗೆ ಅಡ್ಡಲಾಗಿ ಗಾಳಿ ಬೀಸುವ ಏರ್ ಕರ್ಟನ್ ಕೆಟ್ಟಿದೆ ಅಥವಾ ಅದರ ಸೀಳು ತಪ್ಪು ಕೋನದಲ್ಲಿದೆ. ಕೆಲವರು ಈ ಕೆಲಸಕ್ಕೆ ಊದುಬತ್ತಿ ಹಚ್ಚಿಕೊಂಡು ಬರುತ್ತಾರೆ. ಪೌಡರ್ ಹಾರುವ ಶೆಡ್ಡಿನಲ್ಲಿ ಕೆಂಡ ಇರುವ ಯಾವುದನ್ನೂ ತರಬಾರದು. ನೂಲು ಅಷ್ಟೇ ಚೆನ್ನಾಗಿ ತೋರಿಸುತ್ತದೆ.

ಎಕ್ಸಾಸ್ಟ್ ತಾನಾಗಿಯೇ ಹೆಚ್ಚಾಗುವುದು ಹೇಗೆ ಎಂಬ ಪ್ರಶ್ನೆ ಸಹಜ. ನಾನು ಕಂಡ ಒಂದು ಸಂಗತಿಯನ್ನು ವಿವರವಾಗಿ ಹೇಳುತ್ತೇನೆ. ಒಂದು ಘಟಕದಲ್ಲಿ ಗ್ಯಾಸ್ ಖರ್ಚು ಶೇಕಡಾ ಹತ್ತಕ್ಕಿಂತ ಹೆಚ್ಚು ಏರಿತ್ತು. ಬರ್ನರ್ ಸರ್ವಿಸ್ ಎರಡು ಸಲ ಆಗಿತ್ತು. ಓವನಿನ ಕೊನೆಯ ಭಾಗದಲ್ಲಿ ಮಾಲು ಸರಿಯಾಗಿ ಬೇಯುತ್ತಿಲ್ಲವೆಂದು ಆಪರೇಟರ್ ಸೆಟ್ ಪಾಯಿಂಟನ್ನು, ಅಂದರೆ ಕಂಟ್ರೋಲರಿನಲ್ಲಿ ನಿಗದಿ ಮಾಡಿದ ಉಷ್ಣತೆಯನ್ನು, 200ರಿಂದ 210ಕ್ಕೆ ಏರಿಸಿದ್ದರು. ನೂಲು ಹಿಡಿದು ನೋಡಿದಾಗ ಎರಡೂ ಬಾಯಿಗಳಲ್ಲಿ ತಣ್ಣನೆಯ ಗಾಳಿ ಒಳಕ್ಕೆ ನುಗ್ಗುತ್ತಿತ್ತು. ಛಾವಣಿಗೆ ಹತ್ತಿ ಎಕ್ಸಾಸ್ಟ್ ಬ್ಲೋವರಿನ ಬೆಲ್ಟ್ ಗಾರ್ಡ್ ಬಿಚ್ಚಿದಾಗ ವಿಷಯ ಬೆಳಕಿಗೆ ಬಂತು. ಮೂರು ತಿಂಗಳ ಹಿಂದೆ ಮೋಟಾರ್ ಸುಟ್ಟು ರಿವೈಂಡಿಂಗಿಗೆ ಹೋಗಿದ್ದಾಗ, ಸ್ಟೋರಿನಲ್ಲಿದ್ದ ಇನ್ನೊಂದು ಮೋಟಾರನ್ನು ಅದರ ಪುಲ್ಲಿಯ ಸಮೇತ ಕೂರಿಸಿದ್ದರು. ಬ್ಲೋವರಿನ ಕಡೆಯ ಪುಲ್ಲಿಗೆ ಹಳೆಯ ಮಸಿ ಮೆತ್ತಿತ್ತು. ಮೋಟಾರಿನ ಪುಲ್ಲಿ ಮಾತ್ರ ಹೊಳೆಯುತ್ತಿತ್ತು. ವರ್ನಿಯರ್ ಹಿಡಿದರೆ 125 ಮಿಲಿಮೀಟರ್. ಸ್ಟೋರಿನ ಮೂಲೆಯಲ್ಲಿ ಸಿಕ್ಕಿದ ಹಳೆಯ ಪುಲ್ಲಿ 100 ಮಿಲಿಮೀಟರ್. ಮೋಟಾರಿನ ವೇಗ ಒಂದೇ ಆದರೂ ಬ್ಲೋವರ್ ಕಾಲು ಪಾಲು ಹೆಚ್ಚು ವೇಗದಲ್ಲಿ ತಿರುಗುತ್ತಿತ್ತು.

ಫ್ಯಾನಿನ ವೇಗ ಕಾಲು ಪಾಲು ಹೆಚ್ಚಾದರೆ ಗಾಳಿಯೂ ಕಾಲು ಪಾಲು ಹೆಚ್ಚುತ್ತದೆ, ಆದರೆ ಫ್ಯಾನ್ ತಿನ್ನುವ ಶಕ್ತಿ ವೇಗದ ಘನದಂತೆ ಏರಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮೇಲಿನ ಉದಾಹರಣೆಯ ಓವನಿಗೆ ಹಚ್ಚಿದರೆ, ಗಂಟೆಗೆ 250 ಘನಮೀಟರ್ ಹೆಚ್ಚುವರಿ ಬಿಸಿ ಗಾಳಿ ಎಂದರೆ 9 ಯೂನಿಟ್‌ನಷ್ಟು ಶಾಖ, ಅಂದರೆ ಗಂಟೆಗೆ ಮುಕ್ಕಾಲು ಕಿಲೋಗಿಂತ ಹೆಚ್ಚು ಎಲ್‌ಪಿಜಿ. ದಿನಕ್ಕೆ 16 ಗಂಟೆ ಓಡಿದರೆ 14 ಕಿಲೋ. ಮೂರು ದಿನಕ್ಕೆ 19 ಕಿಲೋದ ಎರಡು ವಾಣಿಜ್ಯ ಸಿಲಿಂಡರುಗಳನ್ನು ಅಂಗೈಯಗಲದ ಒಂದು ಪುಲ್ಲಿ ತಿಂದುಹಾಕುತ್ತದೆ. ಒಳಕ್ಕೆ ನುಗ್ಗುವ ತಣ್ಣನೆಯ ಗಾಳಿಯಿಂದ ಬಾಯಿಯ ಹತ್ತಿರದ ಮಾಲು ಬೇಯುವುದಿಲ್ಲ, ಅದಕ್ಕಾಗಿ ಸೆಟ್ ಪಾಯಿಂಟ್ ಏರಿಸುತ್ತಾರೆ, ಏರಿಸಿದ ಪ್ರತಿ ಡಿಗ್ರಿಯೂ ಆ ಹೆಚ್ಚುವರಿ ಗಾಳಿಯನ್ನೂ ಬಿಸಿ ಮಾಡಬೇಕಾಗುತ್ತದೆ. ಒಂದು ದೋಷ ಇನ್ನೊಂದನ್ನು ಹೀಗೆ ಹೊತ್ತು ತರುವುದರಿಂದಲೇ ಆಪರೇಟರ್ ಹೇಳುವ ಲಕ್ಷಣದಿಂದ ನೇರವಾಗಿ ತೀರ್ಮಾನಕ್ಕೆ ಬರಬಾರದು ಎಂದು ನಾನು ಹೇಳುವುದು.

ಪುಲ್ಲಿಯಲ್ಲದೆ ನೋಡಬೇಕಾದವು: ಡ್ಯಾಂಪರಿನ ಲಾಕ್ ನಟ್ ಸಡಿಲವಾಗಿ ಫಲಕ ತಾನೇ ತೆರೆದುಕೊಂಡಿರುವುದು, ಮೋಟಾರಿನ ವೇಗ ಬದಲಿಸುವ ವಿಎಫ್‌ಡಿಯ ಸೆಟ್ಟಿಂಗ್ ಯಾರೋ 50 ಹರ್ಟ್ಸ್‌ಗೆ ಏರಿಸಿ ಮರೆತಿರುವುದು, ಉಣ್ಣೆ ಬದಲಿಸಲು ತೆಗೆದ ಪ್ಯಾನಲಿನ ಜೋಡಣೆಯಲ್ಲಿ ಸೀಲಂಟ್ ಹಾಕದೆ ಬಿಟ್ಟಿರುವುದು, ಮಾಲಿನ ಗಾತ್ರ ಚಿಕ್ಕದಾದ ಮೇಲೂ ಓವನಿನ ಬಾಯಿ ಮೊದಲಿನಷ್ಟೇ ದೊಡ್ಡದಿರುವುದು. ಕೊನೆಯದಕ್ಕೆ ಮಾಲಿನ ಆಕಾರಕ್ಕೆ ಕತ್ತರಿಸಿದ ತಗಡಿನ ಮರೆಯನ್ನು ಬಾಯಿಗೆ ಬೋಲ್ಟ್ ಮಾಡಿದರೆ ಸಾಕು.

ಥರ್ಮೋಕಪಲ್ ತಪ್ಪು ಹೇಳುವಾಗ

ಕಂಟ್ರೋಲರಿನ ಮುಖದ ಮೇಲೆ ಕಾಣುವ ಅಂಕಿ ಉಷ್ಣತೆ ಅಳೆಯುವ ತಂತಿಯಾದ ಥರ್ಮೋಕಪಲ್ಲಿನ ತುದಿ ಇರುವ ಜಾಗದ ಉಷ್ಣತೆ ಮಾತ್ರ. ಆ ತುದಿ ಕ್ಲಿಪ್ಪಿನಿಂದ ಕಳಚಿ ಬಾಯಿಯ ಕಡೆಗೆ ಅಥವಾ ಗೋಡೆಯ ಸಂದಿಗೆ ಜಾರಿದ್ದರೆ ಅದು ತಂಪನ್ನು ಅಳೆಯುತ್ತದೆ, ಬರ್ನರ್ ಬಿಡುವಿಲ್ಲದೆ ಉರಿಯುತ್ತದೆ. ಕೆ ಬಗೆಯ ಥರ್ಮೋಕಪಲ್ ಹಾಕಿ ಕಂಟ್ರೋಲರಿನಲ್ಲಿ ಜೆ ಎಂದು ಉಳಿಸಿದ ಪ್ರಸಂಗಗಳೂ ಇವೆ. ಆಗ 190 ಎಂದು ತೋರಿಸುವ ಹೊತ್ತಿಗೆ ಒಳಗೆ 240 ದಾಟಿರುತ್ತದೆ. ಬಿಳಿ ಪೌಡರ್ ತುಸು ಹಳದಿಗೆ ತಿರುಗುವುದು, ಹೊಳಪು ಕುಂದುವುದು ಇದರ ಮೊದಲ ಸುಳಿವು. ಕಚೇರಿಯಲ್ಲಿರುವ ಮಾದರಿ ಫಲಕದ ಪಕ್ಕದಲ್ಲಿ ಇಟ್ಟು ಹಗಲು ಬೆಳಕಿನಲ್ಲಿ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಓವನಿನೊಳಗೆ ಮಾಲಿನ ಜೊತೆಯಲ್ಲೇ ಸಾಗುವ ಡೇಟಾ ಲಾಗರ್ ಬೇಕು. ಅದರ ಪ್ರೋಬುಗಳಲ್ಲಿ ಒಂದನ್ನು ದಪ್ಪ ಭಾಗಕ್ಕೆ, ಒಂದನ್ನು ತೆಳು ಭಾಗಕ್ಕೆ, ಒಂದನ್ನು ಹ್ಯಾಂಗರಿನ ಮೇಲ್ತುದಿಯ ಮಾಲಿಗೆ, ಒಂದನ್ನು ಕೆಳತುದಿಗೆ, ಇನ್ನೊಂದನ್ನು ಗಾಳಿಯಲ್ಲೇ ಇಡಬೇಕು. ಪೌಡರಿನ ಡಬ್ಬಿಯ ಜೊತೆ ಬರುವ ಕಾಗದದಲ್ಲಿ 200 ಡಿಗ್ರಿಯಲ್ಲಿ 10 ನಿಮಿಷ ಎಂಬಂತೆ ಬರೆದಿರುತ್ತದೆ. ಆ ಉಷ್ಣತೆ ಗಾಳಿಯದಲ್ಲ, ಲೋಹದ್ದು. ಆ ನಿಮಿಷಗಳೂ ಲೋಹ ಆ ಉಷ್ಣತೆಯನ್ನು ಮುಟ್ಟಿದ ಮೇಲಿನವು. ಲಾಗರಿನ ಗೆರೆಯಲ್ಲಿ ಅತ್ಯಂತ ದಪ್ಪ ಭಾಗವೂ ಬೇಕಾದ ಉಷ್ಣತೆಯಲ್ಲಿ 20 ನಿಮಿಷ ಕಳೆಯುತ್ತಿದ್ದರೆ ಕನ್ವೇಯರಿನ ವೇಗ ಹೆಚ್ಚಿಸಲು ಅಥವಾ ಸೆಟ್ ಪಾಯಿಂಟ್ ಇಳಿಸಲು ಜಾಗವಿದೆ. ಓವನ್ 200ರ ಬದಲು 220ರಲ್ಲಿ ಓಡಿದರೆ ಎಕ್ಸಾಸ್ಟ್, ಗೋಡೆ, ಮಾಲು ಎಲ್ಲವೂ ಶೇಕಡಾ 12ರಷ್ಟು ಹೆಚ್ಚು ಶಾಖ ಬೇಡುತ್ತವೆ. ಸೆಟ್ ಪಾಯಿಂಟನ್ನು ಒಮ್ಮೆಗೆ ಐದು ಡಿಗ್ರಿಗಿಂತ ಹೆಚ್ಚು ಇಳಿಸದೆ, ಪ್ರತಿ ಸಲವೂ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುವ ಪರೀಕ್ಷೆಯನ್ನೂ, ಬಡಿತದ ಪರೀಕ್ಷೆಯನ್ನೂ ಮಾಡಿಯೇ ಮುಂದೆ ಹೋಗಬೇಕು. ಅರೆಬೆಂದ ಕೋಟಿಂಗ್ ಗ್ರಾಹಕರ ಬಳಿ ಸಿಪ್ಪೆ ಎದ್ದರೆ ಉಳಿಸಿದ ಗ್ಯಾಸಿನ ಹಲವು ಪಟ್ಟು ನಷ್ಟವಾಗುತ್ತದೆ.

ಬರ್ನರ್ ಮತ್ತು ಗೋಡೆ

ಇಷ್ಟೆಲ್ಲ ನೋಡಿದ ಮೇಲೆ ಬರ್ನರಿನ ಸರದಿ. ಚಿಮಣಿಯ ಹೊಗೆಯ ಉಷ್ಣತೆಯನ್ನೂ ಆಮ್ಲಜನಕದ ಪ್ರಮಾಣವನ್ನೂ ಅನಲೈಸರಿನಿಂದ ಅಳೆದು ಹಳೆಯ ಸರ್ವಿಸ್ ವರದಿಗೆ ಹೋಲಿಸಬೇಕು. ಹೊಗೆಯ ಉಷ್ಣತೆ 22 ಡಿಗ್ರಿ ಏರಿದರೆ ಇಂಧನ ಸುಮಾರು ಶೇಕಡಾ ಒಂದರಷ್ಟು ಹೆಚ್ಚು ಬೇಕಾಗುತ್ತದೆ ಎಂಬುದು ಬಾಯ್ಲರ್ ನಡೆಸುವವರು ಬಹುಕಾಲದಿಂದ ಬಳಸುವ ಅಂದಾಜು. ಇಲ್ಲಿಗೂ ಅದು ಸಾಕು. ಹೊಗೆ ಬಿಸಿಯಾಗಿದ್ದು ಆಮ್ಲಜನಕ ಸರಿಯಿದ್ದರೆ ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಿಗೆ ಮಸಿ ಹಿಡಿದಿದೆ. ಆಮ್ಲಜನಕವೇ ಹೆಚ್ಚಿದ್ದರೆ ಉರಿಗೆ ಬೇಕಾದುದಕ್ಕಿಂತ ಹೆಚ್ಚು ಗಾಳಿ ಹೋಗುತ್ತಿದೆ, ಅಥವಾ ಎಕ್ಸ್‌ಚೇಂಜರ್ ಸೀಳಿದೆ. ಸೀಳು ಇದೆಯೇ ಎಂದು ನೋಡಲು ಬರ್ನರ್ ನಿಲ್ಲಿಸಿ, ಸರ್ಕ್ಯುಲೇಶನ್ ಫ್ಯಾನನ್ನು ಮಾತ್ರ ಓಡಿಸಿ ಚಿಮಣಿಯ ಬಾಯಿಯಲ್ಲಿ ನೂಲು ಹಿಡಿಯಬೇಕು. ಫ್ಯಾನ್ ಆನ್ ಮಾಡಿದಾಗಲೆಲ್ಲ ಗಾಳಿ ಜೋರಾಗಿ, ಆಫ್ ಮಾಡಿದಾಗ ಇಳಿದರೆ ಸೀಳು ಇದೆ. ಸೀಳಿದ ಎಕ್ಸ್‌ಚೇಂಜರನ್ನು ವೆಲ್ಡಿಂಗ್ ಮಾಡಿ ದಿನ ದೂಡುವುದನ್ನು ನಾನು ಒಪ್ಪುವುದಿಲ್ಲ.

ಗೋಡೆಯ ಪರೀಕ್ಷೆ ಸುಲಭ, ಆದರೆ ಅದರಲ್ಲೊಂದು ಮೋಸವಿದೆ. ಹೊಳೆಯುವ ಜಿಐ ತಗಡಿಗೆ ಇನ್‌ಫ್ರಾರೆಡ್ ಗನ್ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಗಳಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಅದು ಬಿಸಿಯಾದ ಮೇಲೆ ಟೇಪಿನ ಮೇಲೆ ಅಳೆಯಬೇಕು. ಹೆಚ್ಚು ಬಿಸಿ ಸಾಮಾನ್ಯವಾಗಿ ಕಾಣುವುದು ಲಂಬ ಪ್ಯಾನಲುಗಳ ಮೇಲ್ತುದಿಯಲ್ಲಿ, ಏಕೆಂದರೆ ಒಳಗಿನ ರಾಕ್‌ವೂಲ್ ವರ್ಷಗಳಲ್ಲಿ ಕೆಳಕ್ಕೆ ಕುಸಿದು ಮೇಲೆ ಪೊಳ್ಳು ಬಿಡುತ್ತದೆ.

ಏರು ಕಡಿದಾಗಿದ್ದರೆ

ಗ್ರಾಫಿನ ಗೆರೆ ಹೊರಡುವ ಜಾಗ ಸರಿಯಿದ್ದು ಏರು ಮಾತ್ರ ಹೆಚ್ಚಿದ್ದರೆ ಮೊದಲು ಹ್ಯಾಂಗರುಗಳನ್ನು ತೂಗಬೇಕು. ತಿಂಗಳುಗಟ್ಟಲೆ ಸುಟ್ಟು ಶುಚಿ ಮಾಡದೆ ಬಿಟ್ಟ ಕೊಕ್ಕೆಗಳ ಮೇಲೆ ಪೌಡರ್ ಪದರ ಪದರವಾಗಿ ಬೆಂದು ಬೆರಳಿನ ದಪ್ಪವಾಗಿರುತ್ತದೆ. ಈ ಪದರದ ತೂಕಕ್ಕಿಂತ ದೊಡ್ಡ ಕೇಡು ಅರ್ಥಿಂಗಿಗೆ ಆಗುತ್ತದೆ. ಬೆಂದ ಪೌಡರ್ ವಿದ್ಯುತ್ ನಿರೋಧಕ. ಕೊಕ್ಕೆಯಿಂದ ಮಾಲಿಗೆ ಅರ್ಥ್ ಹೋಗದಿದ್ದರೆ ಗನ್ನಿನಿಂದ ವಿದ್ಯುದಾವೇಶ ಪಡೆದು ಬಂದ ಪೌಡರ್ ಮಾಲಿಗೆ ಅಂಟುವುದಿಲ್ಲ, ಮೂಲೆಗಳು ಬರಿದಾಗುತ್ತವೆ, ಆಪರೇಟರ್ ಗನ್ನಿನ ಗಾಳಿ ಹೆಚ್ಚಿಸುತ್ತಾರೆ, ಕೊನೆಗೆ ಮಾಲು ರಿಜೆಕ್ಟ್ ಆಗಿ ಮತ್ತೆ ಲೈನಿಗೆ ಬರುತ್ತದೆ. ಮರುಕೆಲಸದ ಪ್ರತಿ ಕಿಲೋವೂ ಓವನಿಗೆ ಎರಡನೇ ಸಲ ಹೋಗುತ್ತದೆ, ಆದರೆ ಡಿಸ್ಪ್ಯಾಚ್ ಪುಸ್ತಕದಲ್ಲಿ ಒಂದೇ ಸಲ ಕಾಣುತ್ತದೆ. ಮಾಲಿನಿಂದ ಅರ್ಥಿಗೆ ಇರುವ ರೆಸಿಸ್ಟೆನ್ಸನ್ನು ಮೆಗ್ಗರಿನಿಂದ ಅಳೆದರೆ ಅದು ಒಂದು ಮೆಗಾಓಮಿನೊಳಗೆ ಇರಬೇಕು. ಇದು ಕಿಡಿ ಹಾರದಂತೆ ಕಾಯುವ ಸುರಕ್ಷೆಯ ಮಿತಿಯೂ ಹೌದು.

ತೊಟ್ಟಿ, ಕಂಪ್ರೆಸರ್, ಬೂತ್

ಕರೆಂಟ್ ಯೂನಿಟ್ ಏರಿದ್ದರೆ ನೋಡಬೇಕಾದವು ಈ ಮೂರು. 60 ಡಿಗ್ರಿಯ ತೆರೆದ ತೊಟ್ಟಿ ಚದರ ಮೀಟರಿಗೆ ಸುಮಾರು ಎರಡು ಕಿಲೋವಾಟ್ ಶಾಖವನ್ನು ಮೇಲ್ಮೈಯಿಂದಲೇ ಕಳೆದುಕೊಳ್ಳುತ್ತದೆ, ಅದರ ಬಹುಪಾಲು ಆವಿಯ ರೂಪದಲ್ಲಿ. ಅದೇ ತೊಟ್ಟಿ 70 ಡಿಗ್ರಿಗೆ ಹೋದರೆ ಆವಿಯ ನಷ್ಟ ಒಂದೂವರೆ ಪಟ್ಟು ದಾಟುತ್ತದೆ. ಆದ್ದರಿಂದ ತೊಟ್ಟಿಯ ಥರ್ಮೋಸ್ಟಾಟನ್ನು ಗಾಜಿನ ಥರ್ಮಾಮೀಟರಿನಿಂದ ಪರಿಶೀಲಿಸಬೇಕು, ಊಟದ ಹೊತ್ತಿನಲ್ಲೂ ರಾತ್ರಿಯೂ ಮುಚ್ಚಳ ಹಾಕಬೇಕು. ಹೀಟರ್ ಹಳೆಯದಾಗಿ ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ, ಆದರೆ ಅದು ಸರಿಯಲ್ಲ. ತಂತಿ ಸವೆದಂತೆ ಅದರ ರೆಸಿಸ್ಟೆನ್ಸ್ ಏರಿ ಹೀಟರ್ ಕಡಿಮೆಯೇ ಎಳೆಯುತ್ತದೆ. ಮುಳುಗಿದ ವಿದ್ಯುತ್ ಹೀಟರಿನ ಮೇಲೆ ಕೆಸರು ಕೂತರೂ ಶಾಖ ಕೊನೆಗೆ ನೀರಿಗೇ ಹೋಗುತ್ತದೆ; ಹೀಟರ್ ಬೇಗ ಸುಟ್ಟುಹೋಗುತ್ತದೆ ಅಷ್ಟೇ, ಯೂನಿಟ್ ಏರುವುದಿಲ್ಲ. ಗ್ಯಾಸಿನಿಂದ ಬಿಸಿಯಾಗುವ ಕಾಯಿಲ್ ಇರುವ ತೊಟ್ಟಿಯಲ್ಲಿ ಮಾತ್ರ ಕೆಸರು ನಿಜವಾಗಿಯೂ ಇಂಧನ ತಿನ್ನುತ್ತದೆ.

ಕಂಪ್ರೆಸರಿಗೆ ಶಿಫ್ಟ್ ಮುಗಿದ ಮೇಲಿನ ಹೊತ್ತೇ ಪರೀಕ್ಷೆಯ ಹೊತ್ತು. ಎಲ್ಲ ಗನ್ನುಗಳನ್ನೂ ನಿಲ್ಲಿಸಿ, ಲೈನಿನ ವಾಲ್ವುಗಳನ್ನು ತೆರೆದೇ ಇಟ್ಟು, ಕಂಪ್ರೆಸರ್ ಎಷ್ಟು ಸೆಕೆಂಡ್ ಲೋಡಿನಲ್ಲಿ (ಗಾಳಿ ತುಂಬುತ್ತ), ಎಷ್ಟು ಸೆಕೆಂಡ್ ಅನ್‌ಲೋಡಿನಲ್ಲಿ (ಖಾಲಿ ತಿರುಗುತ್ತ) ಇರುತ್ತದೆ ಎಂದು ಹತ್ತು ಸುತ್ತು ಬರೆಯಬೇಕು. ಲೋಡಿನ ಹೊತ್ತನ್ನು ಒಟ್ಟು ಹೊತ್ತಿನಿಂದ ಭಾಗಿಸಿದರೆ ಸೋರಿಕೆಯ ಪಾಲು ಸಿಗುತ್ತದೆ. ಅದು ಹತ್ತನೇ ಒಂದು ಭಾಗವನ್ನು ದಾಟಿದ್ದರೆ ಸೋಪಿನ ನೀರು ಹಿಡಿದು ಹೊರಡಬೇಕು. ಆರು ಏಳು ಬಾರ್ ಒತ್ತಡದಲ್ಲಿ 3 ಮಿಲಿಮೀಟರಿನ ಒಂದು ತೂತು ಸೆಕೆಂಡಿಗೆ ಹತ್ತು ಲೀಟರಿನಷ್ಟು ಗಾಳಿ ಬಿಡುತ್ತದೆ, ಅದಕ್ಕೆ ಕಂಪ್ರೆಸರ್ ಮೂರು ಕಿಲೋವಾಟಿನಷ್ಟು ತಿನ್ನುತ್ತದೆ. ಪೌಡರ್ ಲೈನಿನಲ್ಲಿ ಹೆಚ್ಚಾಗಿ ಸೋರುವುದು ಬೂತಿನ ಫಿಲ್ಟರಿಗೆ ಗಾಳಿ ಬಡಿಯುವ ಪಲ್ಸ್ ವಾಲ್ವುಗಳ ಡಯಾಫ್ರಮ್. ಬಡಿತದ ಸದ್ದುಗಳ ನಡುವೆ ಸುಯ್ ಎಂಬ ಎಳೆಸದ್ದು ಕೇಳುತ್ತಿದ್ದರೆ ಅದೇ. ಇದನ್ನು ಬದಲಿಸದೆ ಒತ್ತಡ ಸಾಲದೆಂದು ಕಂಪ್ರೆಸರಿನ ಸೆಟ್ಟಿಂಗ್ ಏರಿಸಿದರೆ, ಏರಿಸಿದ ಪ್ರತಿ ಒಂದು ಬಾರ್ ಒತ್ತಡಕ್ಕೂ ಶೇಕಡಾ ಆರೇಳು ಹೆಚ್ಚು ಕರೆಂಟ್ ಹೋಗುತ್ತದೆ, ಸೋರಿಕೆಯೂ ಹೆಚ್ಚುತ್ತದೆ.

ಬೂತಿನ ಫಿಲ್ಟರ್ ಕಟ್ಟಿಕೊಂಡರೆ ಬ್ಲೋವರ್ ಹೆಚ್ಚು ಕರೆಂಟ್ ಎಳೆಯುತ್ತದೆ ಎಂದು ಹಲವರು ನಂಬಿದ್ದಾರೆ. ವೇಗ ಬದಲಾಗದ ಸೆಂಟ್ರಿಫ್ಯೂಗಲ್ ಬ್ಲೋವರಿನಲ್ಲಿ ಆಗುವುದು ಇದರ ತಿರುವುಮುರುವು: ಗಾಳಿ ಕಡಿಮೆಯಾದಂತೆ ಆಂಪಿಯರ್ ಇಳಿಯುತ್ತದೆ. ಟಾಂಗ್ ಟೆಸ್ಟರಿನಲ್ಲಿ ಅಂಕಿ ಇಳಿದಿದ್ದು ಪೌಡರ್ ಬೂತಿನಿಂದ ಹೊರಕ್ಕೆ ಹಾರುತ್ತಿದ್ದರೆ ಫಿಲ್ಟರ್ ಕಟ್ಟಿದೆ ಎಂದರ್ಥ. ಗಾಳಿಯ ಪ್ರಮಾಣವನ್ನು ವಿಎಫ್‌ಡಿ ಕಾಯ್ದುಕೊಳ್ಳುವ ಬೂತಿನಲ್ಲಿ ಮಾತ್ರ ಯೂನಿಟ್ ಏರುತ್ತದೆ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪುಲ್ಲಿ, ಸೆಟ್ ಪಾಯಿಂಟ್, ಬರ್ನರಿನ ಗಾಳಿ ಮೂರನ್ನೂ ಒಂದೇ ದಿನ ಮುಟ್ಟಿದರೆ ಯಾವುದರಿಂದ ಎಷ್ಟು ಉಳಿಯಿತು ಎಂದು ಯಾರೂ ಹೇಳಲಾರರು, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಪ್ರತಿ ಬದಲಾವಣೆಯ ನಂತರ ಖಾಲಿ ಓಟದ ಪರೀಕ್ಷೆಯನ್ನು ಅದೇ ಸೆಟ್ ಪಾಯಿಂಟಿನಲ್ಲಿ, ಅದೇ ಎರಡು ಗಂಟೆ ಮಾಡಬೇಕು. ಮೇಲೆ ಹೇಳಿದ ಘಟಕದಲ್ಲಿ 100 ಮಿಲಿಮೀಟರಿನ ಪುಲ್ಲಿಯನ್ನು ಮರಳಿ ಕೂರಿಸಿದ ದಿನ ಬಾಯಿಯಲ್ಲಿ ನೂಲು ನೇರ ನಿಂತಿತು; ಸೆಟ್ ಪಾಯಿಂಟನ್ನು 200ಕ್ಕೆ ಇಳಿಸಿದ್ದು ಅದರ ಮರುವಾರ, ಲಾಗರ್ ಓಡಿಸಿ ಕೊನೆಯ ಹ್ಯಾಂಗರಿನ ಮಾಲೂ ಸರಿಯಾಗಿ ಬೇಯುತ್ತಿದೆ ಎಂದು ಕಂಡ ಮೇಲೆ. ಆ ದಿನದ ಖಾಲಿ ಓಟದ ಅಂಕಿ, ಎಕ್ಸಾಸ್ಟ್ ಮೋಟಾರಿನ ಆಂಪಿಯರ್, ಎರಡೂ ಪುಲ್ಲಿಗಳ ಅಳತೆ ಇಷ್ಟನ್ನೂ ತಾರೀಖಿನೊಂದಿಗೆ ಪೇಂಟ್ ಮಾರ್ಕರಿನಲ್ಲಿ ಕಂಟ್ರೋಲ್ ಪ್ಯಾನಲಿನ ಬಾಗಿಲಿನ ಒಳಬದಿಯಲ್ಲಿ ಬರೆದಿಟ್ಟೆವು.